ಬಾಡಿಗೆ ಮನೆಯ ಕಿಟಕಿಗೆ ಕಡಿಮೆ ಖರ್ಚಿನ ಪರದೆ

ಬೆಂಗಳೂರಿನ 30x40 ಸೈಟಿನ ಬಾಡಿಗೆ ಮನೆಗೆ ಹೊಸದಾಗಿ ಬಂದವರಿಗೆ ಪರದೆಯ ನೆನಪಾಗುವುದು ಮೊದಲ ದಿನದ ಸಂಜೆ. ಹಗಲೆಲ್ಲ ಸಾಮಾನು ಇಳಿಸಿ, ಹಾಲುಕ್ಕಿಸಿ, ಗ್ಯಾಸ್ ಜೋಡಿಸಿ ಮುಗಿದಿರುತ್ತದೆ. ಕತ್ತಲಾಯಿತೆಂದು ಲೈಟ್ ಹಾಕಿದರೆ ಪಕ್ಕದ ಮನೆಯ ಕಿಟಕಿ ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ, ಅವರಿಗೆ ನಮ್ಮ ಮನೆಯೆಲ್ಲ ಕಾಣುತ್ತದೆ. ಆ ರಾತ್ರಿಗೆ ಬೆಡ್‌ಶೀಟನ್ನೋ ಹಳೆಯ ಪಂಚೆಯನ್ನೋ ಗ್ರಿಲ್ಲಿಗೆ ಸಿಕ್ಕಿಸಿ ಮಲಗುತ್ತೇವೆ. ಭಾನುವಾರ ಅಂಗಡಿಗೆ ಹೋದಾಗ ಮೂರು ಕಿಟಕಿ, ಎರಡು ಬಾಗಿಲಿಗೆ ಅಂಗಡಿಯವರು ಹೇಳುವ ಮೊತ್ತ ಕೇಳಿ, ಆಗಷ್ಟೇ ಅಡ್ವಾನ್ಸ್ ಕೊಟ್ಟು ಬರಿದಾದ ಕೈ ಹಿಂದಕ್ಕೆ ಸರಿಯುತ್ತದೆ.

ನಾನು ಐದು ಬಾಡಿಗೆ ಮನೆ ಬದಲಿಸಿದ್ದೇನೆ. ಮೊದಲ ಎರಡು ಮನೆಗಳಲ್ಲಿ ಪರದೆಗೆ ಹಾಕಿದ ದುಡ್ಡು ಅಲ್ಲೇ ಉಳಿಯಿತು. ಆಮೇಲಿನ ಮೂರು ಮನೆಗಳಿಗೂ ಒಂದೇ ಜೊತೆ ಪರದೆ ನನ್ನ ಸಂಗಡ ಬಂತು. ಬಾಡಿಗೆದಾರರ ಪರದೆ ಮುಂದಿನ ಮನೆಗೂ ಹೋಗಬೇಕಾದ ಸಾಮಾನು. ಆದ್ದರಿಂದ ಖರ್ಚು ಬಟ್ಟೆಗಿರಲಿ, ಗೋಡೆಗೆ ಆದಷ್ಟು ಕಡಿಮೆ ಇರಲಿ.

ಒಪ್ಪಂದ ಪತ್ರದಲ್ಲಿ ಏನಿದೆ

ನಮ್ಮಲ್ಲಿ ಮನೆ ಬಾಡಿಗೆಯ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಒಂದು ವರ್ಷಕ್ಕೆ ಮೀರಿದ ಗೇಣಿ ಪತ್ರಗಳನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ನೋಂದಾಯಿಸಬೇಕಾದ್ದರಿಂದ ಈ ರೂಢಿ ಬಂದಿದೆ. ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಸಾಲು ಎಷ್ಟೋ ಸಲ ಇರುತ್ತದೆ. ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಿಂದ ಹಿಡಿದುಕೊಳ್ಳುವುದೂ ಬೆಂಗಳೂರಿನಲ್ಲಿ ಬಳಕೆಯಲ್ಲಿದೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದಿದೆ. ಬೇರೆ ಮಾತಾಗದಿದ್ದರೆ ಗೋಡೆಗೆ ಸುಣ್ಣಬಣ್ಣ ಮಾಲೀಕರ ಹೊಣೆ, ಒಡೆದ ಕಿಟಕಿ ಗಾಜು ಬದಲಿಸುವುದು ಬಾಡಿಗೆದಾರರ ಹೊಣೆ ಎಂದೂ ಅದರ ಪಟ್ಟಿ ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾಯ್ದೆಯಾಗಿ ತಂದರಷ್ಟೇ ಜಾರಿಗೆ ಬರುತ್ತದೆ. ಹಾಗಾಗಿ ನಿಮ್ಮ ಕರಾರಿನ ಸಾಲುಗಳೇ ಸದ್ಯಕ್ಕೆ ಮುಖ್ಯ.

ಮನೆ ನೋಡಲು ಹೋದ ದಿನವೇ ಎರಡು ವಿಷಯ ಗಮನಿಸಿ. ಕಿಟಕಿಯ ಮೇಲೆ ಹಳೆಯ ಬ್ರಾಕೆಟ್ ಇದೆಯೇ, ಇಲ್ಲದಿದ್ದರೆ ಹಿಂದಿನವರು ಕೊರೆದ ತೂತುಗಳಾದರೂ ಇವೆಯೇ. ಇದ್ದರೆ ಅವನ್ನೇ ಬಳಸಿಕೊಳ್ಳಬಹುದು. ಇಲ್ಲದಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ: ‘ರಾಡ್ ನೀವು ಹಾಕಿಸಿಕೊಡಿ, ಬಟ್ಟೆ ನಾವು ತರುತ್ತೇವೆ.’ ಮನೆ ಖಾಲಿ ಬಿದ್ದಿರುವಾಗ ಈ ಮಾತಿಗೆ ಬೆಲೆ ಇರುತ್ತದೆ, ಬೀಗದ ಕೈ ತೆಗೆದುಕೊಂಡ ಮೇಲೆ ಇರುವುದಿಲ್ಲ. ಅವರು ಒಪ್ಪಿದ್ದನ್ನು ವಾಟ್ಸಾಪಿನಲ್ಲಿ ಒಂದು ಸಾಲು ಬರೆದು ಕಳಿಸಿ, ಗೋಡೆಯ ಫೋಟೋಗಳನ್ನೂ ತೆಗೆದಿಟ್ಟುಕೊಳ್ಳಿ.

ಅಳತೆ

ನಮ್ಮ ಮನೆಗಳಲ್ಲಿ ಕಿಟಕಿಯ ತಳ ಸಾಮಾನ್ಯವಾಗಿ ನೆಲದಿಂದ ಮೂರಡಿ ಮೇಲೆ, ಅದರ ಮೇಲಂಚು ಬಾಗಿಲಿನ ಸಮಕ್ಕೆ ಏಳಡಿ ಎತ್ತರದಲ್ಲಿ ಇರುತ್ತದೆ. ಅಂದರೆ ಕಿಟಕಿ ನಾಲ್ಕಡಿ ಎತ್ತರ. ಅಗಲ ಮೂರಡಿ, ನಾಲ್ಕಡಿ ಅಥವಾ ಆರಡಿ. ರೆಡಿಮೇಡ್ ಪರದೆಗಳು ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಎತ್ತರದ ಬಾಗಿಲಿಗೆ 9 ಅಡಿ ಎಂದು ಬರುತ್ತವೆ. ಒಂದೊಂದರ ಅಗಲ ಸುಮಾರು ನಾಲ್ಕಡಿ.

ಟೇಪನ್ನು ಗಾಜಿನ ಮೇಲೆ ಇಡಬೇಡಿ, ಪರದೆ ಮುಚ್ಚಬೇಕಾದ ಜಾಗದ ಮೇಲೆ ಇಡಿ. ಚೌಕಟ್ಟಿನಿಂದ ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು ಇಂಚು, ಕೆಳಕ್ಕೆ ಆರೆಂಟು ಇಂಚು ಹೆಚ್ಚಿದ್ದರೆ ಸಂದಿಯಿಂದ ಬೆಳಕು ಒಳಕ್ಕೆ ಬರುವುದಿಲ್ಲ. ಬಟ್ಟೆಯ ಒಟ್ಟು ಅಗಲ ಕಿಟಕಿಯ ಅಗಲದ ಎರಡರಷ್ಟಿರಬೇಕು. ಕೈ ಬಿಗಿಯಿದ್ದರೆ ಒಂದೂವರೆ ಪಟ್ಟಾದರೂ ಇರಲಿ. ಅದಕ್ಕಿಂತ ಕಡಿಮೆಯಾದರೆ ನೆರಿಗೆ ಬೀಳದೆ, ಒಣಹಾಕಿದ ಟವೆಲ್ಲಿನ ಹಾಗೆ ಕಾಣುತ್ತದೆ. ಅಗ್ಗದ ಬಟ್ಟೆ ಧಾರಾಳ ನೆರಿಗೆಯಲ್ಲಿ ತೂಗಿದರೆ ಮನೆಗೆ ಬರುವ ಅಂದ, ದುಬಾರಿ ಬಟ್ಟೆಯನ್ನು ಎಳೆದು ಕಟ್ಟಿದರೆ ಬರುವುದಿಲ್ಲ.

ಮೊಳೆ ಹೊಡೆಯದೆ ತೂಗಿಸುವುದು

ಮೊದಲು ಒಂದು ಎಚ್ಚರಿಕೆ. ಕಿಟಕಿಯ ನೆತ್ತಿಯ ಮೇಲೆ ಉದ್ದಕ್ಕೂ ಇರುವುದು ಲಿಂಟಲ್, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್ ತೊಲೆ. ಪರದೆಯ ಬ್ರಾಕೆಟ್ ಬೇಕಾಗುವುದೂ ಸರಿಯಾಗಿ ಅಲ್ಲೇ. ಸುತ್ತಿಗೆಯಲ್ಲಿ ಹೊಡೆದರೆ ಮೊಳೆ ಬಾಗುತ್ತದೆ, ಗಾರೆ ಹಪ್ಪಳದ ಹಾಗೆ ಕಿತ್ತು ಬರುತ್ತದೆ. ಬಿಡುವಾಗ ಮಾಲೀಕರು ತೋರಿಸುವುದು ಆ ಗಾಯವನ್ನೇ. ಅಲ್ಲಿ ಕೊರೆಯಲು ಹ್ಯಾಮರ್ ಡ್ರಿಲ್ ಬೇಕು. ಅನುಮತಿ ಇದ್ದರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಮನೆಯ ಎಲ್ಲ ತೂತನ್ನೂ ಒಂದೇ ಸಲಕ್ಕೆ ಕೊರೆಸಿ ಪ್ಲಗ್ ಹಾಕಿಸಿದರೆ ಖರ್ಚು ಉಳಿಯುತ್ತದೆ. ಹೀಗೆ ಕೊರೆದ ಚಿಕ್ಕ ತೂತು ಪುಟ್ಟಿಯಲ್ಲಿ ಮುಚ್ಚಿಹೋಗುತ್ತದೆ, ಸುತ್ತಿಗೆಯಿಂದ ಆದ ಗುಂಡಿ ಮುಚ್ಚುವುದು ಕಷ್ಟ.

ಅನುಮತಿ ಇಲ್ಲದವರಿಗೆ ನಮ್ಮ ಕಿಟಕಿಯಲ್ಲೇ ಒಂದು ಅನುಕೂಲ ಇದೆ. ಅದು ಗ್ರಿಲ್. ಮರದ ಚೌಕಟ್ಟಿನ ಕಿಟಕಿಗಳಲ್ಲಿ ಬಾಗಿಲು ಹೊರಕ್ಕೆ ತೆರೆದುಕೊಳ್ಳುತ್ತದೆ, ಕಬ್ಬಿಣದ ಸರಳುಗಳು ಒಳಬದಿಗೆ ಇರುತ್ತವೆ. ಪರದೆಯ ತಲೆಗೆ ಒಂದು ಗೇಣಿಗೆ ಒಂದರಂತೆ ಬಟ್ಟೆಯ ಲಾಡಿಗಳನ್ನು ಜೋಡಿಯಾಗಿ ಹೊಲಿದು, ಮೇಲಿನ ಅಡ್ಡ ಸರಳಿಗೆ ಕಟ್ಟಿಬಿಟ್ಟರೆ ಕೆಲಸ ಮುಗಿಯಿತು. ರಾಡಿಲ್ಲ, ಬ್ರಾಕೆಟ್ಟಿಲ್ಲ, ತೂತಿಲ್ಲ. ಲಾಡಿಯ ಪರದೆ ಸರಳಿನ ಮೇಲೆ ಸಲೀಸಾಗಿ ಜಾರುವುದಿಲ್ಲ ಎಂಬುದೊಂದೇ ಕೊರತೆ. ಅದಕ್ಕೂ ದಾರಿಯಿದೆ. ಎಸ್ ಆಕಾರದ ಎರಡು ಕೊಕ್ಕೆಗಳನ್ನು ಗ್ರಿಲ್ಲಿಗೆ ಸಿಕ್ಕಿಸಿ, ಅವುಗಳ ಮೇಲೆ ಹಗುರವಾದ ಅಲ್ಯೂಮಿನಿಯಂ ಪೈಪನ್ನೋ ನೇರವಾದ ಬಿದಿರಿನ ಕೋಲನ್ನೋ ಇಟ್ಟು ಪರದೆ ಪೋಣಿಸಿ. ಕೊಕ್ಕೆ ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗದಂತೆ ಸ್ಟೀಲಿನದೇ ತನ್ನಿ.

ಚೌಕಟ್ಟು ಗೋಡೆಯ ದಪ್ಪದೊಳಗೆ ಹೂತಿದ್ದು, ಎರಡು ಪಕ್ಕಗಳೂ ಸಮವಾಗಿದ್ದರೆ ಸ್ಪ್ರಿಂಗ್ ಇರುವ ಟೆನ್ಷನ್ ರಾಡ್ ಒಳ್ಳೆಯದು. ತಿರುಗಿಸಿ ಉದ್ದ ಮಾಡಿದಾಗ ಎರಡೂ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ನಾಲ್ಕಡಿ ಅಗಲದವರೆಗೆ, ತೆಳು ಬಟ್ಟೆಗೆ ಮಾತ್ರ ಇದನ್ನು ನಂಬಿ. ಆರಡಿ ಕಿಟಕಿಗೆ ದಪ್ಪ ಪರದೆ ಹಾಕಿದರೆ ನಡುರಾತ್ರಿ ಕಳಚಿ ಬೀಳುತ್ತದೆ.

ನಮ್ಮ ತಂದೆತಾಯಿಯ ಕಾಲದ ಸ್ಪ್ರಿಂಗ್ ವೈರ್ ಈಗಲೂ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಡಿಯ ಲೆಕ್ಕದಲ್ಲಿ ಸಿಗುತ್ತದೆ. ಬಿಳಿ ಪ್ಲಾಸ್ಟಿಕ್ ಹೊದಿಕೆಯ ಆ ಸುರುಳಿ ತಂತಿ, ಎರಡು ಕೊಕ್ಕೆ, ಎರಡು ಬಳೆ, ಇಷ್ಟೇ ಸಾಮಾನು. ಮರದ ಚೌಕಟ್ಟಿನ ಪಕ್ಕಕ್ಕೆ ಕೊಕ್ಕೆ ತಿರುಗಿಸಿದರೆ ಗೋಡೆ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ತಂತಿಯನ್ನು ಕಿಟಕಿಯ ಅಗಲಕ್ಕಿಂತ ಎರಡು ಮೂರು ಇಂಚು ಕಡಿಮೆ ಕತ್ತರಿಸಿ ಎಳೆದು ಸಿಕ್ಕಿಸಬೇಕು, ಇಲ್ಲದಿದ್ದರೆ ನಡುವೆ ಜೋಲುತ್ತದೆ. ಖರ್ಚಿನ ದೃಷ್ಟಿಯಲ್ಲಿ ಇದಕ್ಕೆ ಸಾಟಿಯಿಲ್ಲ.

ಅಂಟು ಕೊಕ್ಕೆಗಳ ವಿಷಯದಲ್ಲಿ ನನ್ನ ಅನುಭವ ಕಹಿ. ಟೈಲ್ಸ್, ಗಾಜು, ಪಾಲಿಶ್ ಮಾಡಿದ ಮರಕ್ಕೆ ಅವು ಹಿಡಿಯುತ್ತವೆ. ಡಿಸ್ಟೆಂಪರ್ ಬಳಿದ ಗೋಡೆಯ ಮೇಲೆ ಪುಡಿ ಇರುತ್ತದೆ, ಅಲ್ಲಿ ಕೊಕ್ಕೆ ನಿಲ್ಲುವುದಿಲ್ಲ. ನಿಂತರೂ ತೆಗೆಯುವಾಗ ಅಂಗೈ ಅಗಲದ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಮೊಳೆ ಹೊಡೆಯದೆಯೂ ನಾನು ಒಂದು ಮನೆಯಲ್ಲಿ ದಂಡ ಕಟ್ಟಿದ್ದು ಹೀಗೆಯೇ.

ಅಮ್ಮನ ಸೀರೆ, ಹಾಸಿಗೆಯ ಬೆಡ್‌ಶೀಟ್

ಹೊಸ ಬಟ್ಟೆ ಕೊಳ್ಳುವ ಮೊದಲು ಮನೆಯ ಟ್ರಂಕು ತೆರೆಯಿರಿ. ಒಂದು ಸೀರೆ ಸುಮಾರು ಐದೂವರೆ ಮೀಟರ್, ಅಂದರೆ 18 ಅಡಿ ಉದ್ದ, 45 ಇಂಚಿನ ಆಸುಪಾಸು ಅಗಲ. ಅಡ್ಡಕ್ಕೆ ಕತ್ತರಿಸಿದರೆ ಆರಡಿಯ ಮೂರು ತುಂಡು. ನಾಲ್ಕಡಿ ಕಿಟಕಿಗೆ ಎರಡು ತುಂಡು ಅಕ್ಕಪಕ್ಕ ಬಂದರೆ ಏಳೂವರೆ ಅಡಿ ಅಗಲವಾಗಿ ನೆರಿಗೆಗೆ ಬೇಕಾದಷ್ಟಾಗುತ್ತದೆ. ಆರಡಿಯಲ್ಲಿ ತಲೆಯ ಮಡಿಕೆ, ಕೆಳಗಿನ ಮಡಿಕೆ ಕಳೆದು ಐದಡಿ ಪರದೆ ಸಿಗುತ್ತದೆ. ಮೂರನೆಯದು ಅಡುಗೆಮನೆಯ ಕಿಟಕಿಗೋ ಬಾಗಿಲಿಲ್ಲದ ಕಪಾಟಿಗೋ ಆಯಿತು. ಒಂಬತ್ತಡಿಯ ಎರಡೇ ತುಂಡು ಮಾಡಿದರೆ, ಮಡಿಕೆ ಕಳೆದು, ಎರಡು ಬಾಗಿಲು ಪರದೆ.

ನನ್ನ ಮನೆಯ ಹಾಲಿನಲ್ಲಿ ತೂಗುತ್ತಿರುವುದು ಅಮ್ಮನ ಹಸಿರು ನೂಲಿನ ಸೀರೆ. ಮೊದಲು ಅಂಚಿನ ಫಾಲ್ ಬಿಚ್ಚಿದೆ. ಅದರಡಿಯ ಬಟ್ಟೆ ಹೊಸದರಂತೆ ಕಡುಹಸಿರಾಗಿತ್ತು, ಉಳಿದದ್ದು ಮಾಸಿ ಬಾಳೆಯ ಎಳೆ ಎಲೆಯ ಬಣ್ಣಕ್ಕೆ ತಿರುಗಿತ್ತು. ಬೆಳಕಿಗೆ ಹಿಡಿದು ನೋಡಿದಾಗ ಒಳಸೆರಗಿನ ಕಡೆ ಒಂದು ಮೊಳ ಜಾಗದಲ್ಲಿ ಎಳೆ ತೆಳುವಾಗಿದ್ದು ಕಂಡಿತು, ಅದನ್ನು ತಲೆಯ ಮಡಿಕೆಯೊಳಗೆ ಸೇರಿಸಿದೆ. ಸೀರೆಯ ಉದ್ದ ಪರದೆಯ ಎತ್ತರವಾಗುವುದರಿಂದ ಅಂಚುಗಳು ಎರಡೂ ಪಕ್ಕದಲ್ಲಿ ನೆಟ್ಟಗೆ ನಿಲ್ಲುತ್ತವೆ. ಅಲ್ಲಿ ದಡಿ ಹೊಲಿಯುವ ಅಗತ್ಯವೇ ಇಲ್ಲ. ಮೇಲೆ ಒಂದು, ಕೆಳಗೆ ಒಂದು ನೇರ ಹೊಲಿಗೆ ಸಾಕು. ಬೆಳಗಿನ ಬಿಸಿಲು ಬಿದ್ದರೆ ಕೋಣೆಯ ನೆಲವೆಲ್ಲ ತೆಳು ಹಸಿರಾಗುತ್ತದೆ.

ರೇಷ್ಮೆ ಸೀರೆಗೆ ಮಾತ್ರ ಕತ್ತರಿ ಹಾಕಬೇಡಿ. ಬಿಸಿಲು ರೇಷ್ಮೆಯ ಎಳೆಯನ್ನು ಬೇಗ ಕೊಲ್ಲುತ್ತದೆ.

ಬೆಡ್‌ಶೀಟಿನ ಲೆಕ್ಕ ಇನ್ನೂ ಸುಲಭ. ಸಿಂಗಲ್ ಬೆಡ್‌ಶೀಟ್ ಸಾಮಾನ್ಯವಾಗಿ 60x90 ಇಂಚು, ಅಂದರೆ ಐದಡಿ ಅಗಲ, ಏಳೂವರೆ ಅಡಿ ಉದ್ದ. ತಲೆಯನ್ನು ಮಡಿಚಿ ಒಂದು ಹೊಲಿಗೆ ಹಾಕಿದರೆ ಬಾಗಿಲ ಪರದೆ ಸಿದ್ಧ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಬ್ಲ್ಯಾಕ್‌ಔಟ್ ಬಟ್ಟೆಗೆ ದುಡ್ಡು ಸುರಿಯುವ ಮೊದಲು, ಇರುವ ಪರದೆಯ ಬೆನ್ನಿಗೆ ಗಾಢ ಬಣ್ಣದ ಹಳೆಯ ಬೆಡ್‌ಶೀಟ್ ಲೈನಿಂಗ್ ಕೊಟ್ಟು ನೋಡಲಿ.

ಬಟ್ಟೆ ಕೊಳ್ಳುವುದಾದರೆ

ಪರದೆಯ ಬಟ್ಟೆ ಹೆಚ್ಚಾಗಿ 48 ಅಥವಾ 54 ಇಂಚು ಪನ್ನದಲ್ಲಿ ಬರುತ್ತದೆ. ನಾಲ್ಕಡಿ ಕಿಟಕಿಗೆ 48 ಇಂಚಿನ ಬಟ್ಟೆಯಾದರೆ ಎರಡು ತುಂಡು, ತುಂಡಿಗೆ ಮಡಿಕೆ ಸೇರಿ ಐದಡಿ ಎಂಟಿಂಚು, ಒಟ್ಟು ಮೂರೂವರೆ ಮೀಟರ್. ಮೀಟರಿಗೆ 120 ರೂಪಾಯಿ ಎಂದಿಟ್ಟುಕೊಂಡರೆ 420 ರೂಪಾಯಿ. ಅಂಗಡಿಗೆ ಹೋಗುವ ಮೊದಲು ಈ ಲೆಕ್ಕ ಚೀಟಿಯಲ್ಲಿರಲಿ. ನೂಲಿನ ಬಟ್ಟೆ ಒಗೆತಕ್ಕೆ ಕುಗ್ಗುತ್ತದೆ, ಆದ್ದರಿಂದ ಕತ್ತರಿಸುವ ಮೊದಲೇ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಇದನ್ನು ಬಿಟ್ಟರೆ ಐದಡಿ ಪರದೆ ಮೊದಲ ಒಗೆತಕ್ಕೇ ಎರಡು ಇಂಚು ಮೇಲೇರಬಹುದು.

ಬೆಂಗಳೂರಿನವರಿಗೆ ಚಿಕ್ಕಪೇಟೆ, ಹುಬ್ಬಳ್ಳಿಯವರಿಗೆ ಜವಳಿ ಸಾಲು ಇದ್ದೇ ಇದೆ. ಸಗಟು ಅಂಗಡಿಗಳಲ್ಲಿ ಥಾನಿನ ಕೊನೆಯ ತುಂಡುಗಳನ್ನು ಕೇಳಿ ನೋಡಿ. ಮೂರು ನಾಲ್ಕು ಮೀಟರಿನ ತುಂಡು ಅವರಿಗೆ ಉಳಿಕೆ, ನಮಗೆ ಒಂದು ಕಿಟಕಿ. ಆಷಾಢದಲ್ಲಿ ಮದುವೆಗಳಿಲ್ಲದೆ ಜವಳಿ ವ್ಯಾಪಾರ ತಣ್ಣಗಿರುವುದರಿಂದ ಅಂಗಡಿಗಳು ರಿಯಾಯಿತಿ ಹಾಕುತ್ತವೆ. ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ. ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳನ್ನೂ ನೋಡಿ. ಕೈಮಗ್ಗದ ಬಟ್ಟೆಗೆ ನಾಲ್ಕು ಕಾಸು ಹೆಚ್ಚು ಬಿದ್ದರೂ ನಾನು ಅದನ್ನೇ ಹೇಳುತ್ತೇನೆ. ಒಗೆದಷ್ಟೂ ಮೃದುವಾಗುತ್ತದೆ, ಗಾಳಿಯಾಡುತ್ತದೆ, ನೇಯ್ದವರ ಮನೆಗೂ ದುಡ್ಡು ಸೇರುತ್ತದೆ.

ರೆಡಿಮೇಡ್ ಪರದೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಬೇಗ ಒಣಗುತ್ತವೆ, ಇಸ್ತ್ರಿ ಬೇಡ. ಕೊಳ್ಳುವಾಗ ತಲೆಯ ಉಕ್ಕಿನ ಬಳೆ, ಅಂದರೆ ಐಲೆಟ್, ನಿಮ್ಮ ರಾಡಿನ ದಪ್ಪಕ್ಕೆ ಆಗುತ್ತದೆಯೇ ಎಂದು ನೋಡಿದರೆ ಸಾಕು.

ಹೊಲಿಸುವವರಿಗೆ ಒಂದು ಮಾತು: ಕೆಳಗಿನ ಮಡಿಕೆಗೆ ಆರು ಇಂಚು ಬಿಡಲು ಹೇಳಿ. ಮುಂದಿನ ಮನೆಯ ಕಿಟಕಿ ದೊಡ್ಡದಾದರೆ ಬಿಚ್ಚಿ ಇಳಿಸಬಹುದು. ಎಲ್ಲ ಕಿಟಕಿಗೂ ಒಂದೇ ಬಣ್ಣ, ಒಂದೇ ಬಟ್ಟೆ ಇರಲಿ. ಇಲ್ಲಿ ನಾಲ್ಕಡಿಯ ಎರಡು ಕಿಟಕಿಗೆ ಹಾಕಿದ ನಾಲ್ಕು ತುಂಡು ಅಲ್ಲಿ ಆರೇಳು ಅಡಿಯ ಒಂದೇ ಕಿಟಕಿಗೆ ಒಟ್ಟಾಗಿ ಬರುತ್ತವೆ.

ಬ್ಲೈಂಡ್ ಬೇಕೇ?

ರೋಲರ್, ಜೀಬ್ರಾ, ವೆನೀಷಿಯನ್ ಬ್ಲೈಂಡುಗಳು ನೋಡಲು ಅಚ್ಚುಕಟ್ಟು, ಜಾಗವನ್ನೂ ಕಡಿಮೆ ತಿನ್ನುತ್ತವೆ. ಆದರೆ ಅವನ್ನು ಚದರಡಿಯ ಲೆಕ್ಕದಲ್ಲಿ, ಆ ಒಂದು ಕಿಟಕಿಯ ಅಳತೆಗೇ ಕತ್ತರಿಸಿ ಕೊಡುತ್ತಾರೆ. 46 ಇಂಚಿನ ಬ್ಲೈಂಡ್ ಮುಂದಿನ ಮನೆಯ 50 ಇಂಚಿನ ಕಿಟಕಿಗೆ ಬರುವುದಿಲ್ಲ. ಕೂರಿಸಲು ಹೇಗೂ ಡ್ರಿಲ್ ಬೇಕು. ಮೂರು ವರ್ಷವಾದರೂ ಅದೇ ಮನೆಯಲ್ಲಿ ಇರುತ್ತೇವೆಂಬ ಭರವಸೆ ಇಲ್ಲದ ಬಾಡಿಗೆದಾರರಿಗೆ ಅಳತೆ ಕೊಟ್ಟು ಮಾಡಿಸುವ ಬ್ಲೈಂಡ್ ನಷ್ಟದ ಬಾಬತ್ತು.

ಇದಕ್ಕೆ ಹೊರತಾದದ್ದು ಬಿದಿರಿನ ಪರದೆ. ವ್ಯಾಪಾರಿಗಳು ಚಿಕ್ ಎನ್ನುತ್ತಾರೆ. ಬಿದಿರನ್ನು ಸೀಳಿ, ಕಡ್ಡಿಗಳನ್ನು ದಾರದಲ್ಲಿ ನೇಯ್ದು ಮಾಡುವ ಇದು ತಲೆತಲಾಂತರದಿಂದ ಬಿದಿರು ಕೆಲಸ ಮಾಡುತ್ತ ಬಂದ ಮೇದರಿಗೆ ಕೈಹಿಡಿದ ವಿದ್ಯೆ. ಬೆಂಗಳೂರು, ಮೈಸೂರುಗಳಲ್ಲಿ ಬಂಬೂ ಬಜಾರ್ ಎಂದೇ ಹೆಸರಾದ ಜಾಗಗಳಿವೆ. ನೇರವಾಗಿ ಮಾಡುವವರ ಹತ್ತಿರವೇ ಕೊಂಡರೆ ನಿಮಗೂ ಅಗ್ಗ, ಅವರಿಗೂ ಲಾಭ. ಎರಡು ಕೊಕ್ಕೆ ಇದ್ದರೆ ತೂಗುತ್ತದೆ, ಬಾಲ್ಕನಿಯ ಗ್ರಿಲ್ಲಿಗೆ ಹಗ್ಗದಲ್ಲೂ ಕಟ್ಟಬಹುದು. ಚೌಕಟ್ಟಿಗಿಂತ ಅರ್ಧ ಅಡಿ ಅಗಲದ್ದು ತಂದರೆ ಮುಂದಿನ ಮನೆಗೂ ಆದೀತು.

ಬಿಸಿಲು, ಮಳೆ, ಊರು

ನಮ್ಮ ರಾಜ್ಯದಲ್ಲಿ ಬೇಸಿಗೆಯ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ನಡುಮಧ್ಯಾಹ್ನ ಕಂಬದ ನೆರಳೂ ಕಾಣದ ದಿನ ಬರುತ್ತದೆ. ಆ ದಿನಗಳಲ್ಲಿ ತೆಂಕಣ ಕಿಟಕಿಯನ್ನು ಸಜ್ಜಾ ಕಾಯುತ್ತದೆ. ಸಜ್ಜಾ ತಡೆಯಲಾರದ್ದು ಇಳಿಹೊತ್ತಿನ ಪಡುವಣ ಬಿಸಿಲನ್ನು. ಅದು ಸಜ್ಜಾದ ಕೆಳಗಿನಿಂದ ಓರೆಯಾಗಿ ನುಗ್ಗುತ್ತದೆ. ಹಣ ಒಂದೇ ಕಿಟಕಿಗೆ ಸಾಲುವಂತಿದ್ದರೆ ಪಡುವಣ ಕಿಟಕಿಗೆ ಹಾಕಿ.

ಅಲ್ಲೂ ಒಂದು ಸೂಕ್ಷ್ಮವಿದೆ. ಬಿಸಿಲು ಗಾಜನ್ನು ದಾಟಿ ಪರದೆಗೆ ತಾಗಿದರೆ ಪರದೆ ಕಾಯುತ್ತದೆ, ಆ ಕಾವು ಗಾಜಿನಿಂದ ಹೊರಕ್ಕೆ ಹೋಗಲಾರದೆ ಕೋಣೆಯಲ್ಲೇ ಉಳಿಯುತ್ತದೆ. ಗಾಜಿನ ಹೊರಗೇ ತಡೆದರೆ ಕಾವು ಹೊರಗೇ ಉಳಿಯುತ್ತದೆ. ಆದ್ದರಿಂದ ಬಾಲ್ಕನಿಯ ಹೊರಬದಿಗೆ ಕಟ್ಟಿದ ಬಿದಿರಿನ ಪರದೆ ಒಳಗಿನ ದಪ್ಪ ಕರ್ಟನ್‌ಗಿಂತ ಹೆಚ್ಚು ತಂಪು ಕೊಡುತ್ತದೆ. ಒಳಗೇ ಹಾಕುವುದಾದರೆ ಗಾಜಿನ ಕಡೆಯ ಲೈನಿಂಗ್ ಬಿಳಿಯದಿರಲಿ.

ಕಲಬುರಗಿ, ರಾಯಚೂರಿನ ಒಣ ಬೇಸಿಗೆಗೆ ಲಾವಂಚದ ತಟ್ಟಿ ಹೇಳಿ ಮಾಡಿಸಿದ್ದು. ನೀರು ಚಿಮುಕಿಸಿದಾಗ ಅದರ ಮೂಲಕ ಬರುವ ಬಿಸಿಗಾಳಿ ನೀರನ್ನು ಆವಿಯಾಗಿಸುತ್ತ ತಾನೂ ತಣ್ಣಗಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿರುವುದರಿಂದ ಅಲ್ಲಿ ಇದು ನಡೆಯುವುದಿಲ್ಲ. ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಲೈನಿಂಗ್ ಇರುವ ದಪ್ಪ ಪರದೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಲ್ಲಿ ತೆಳು ನೂಲು ಅಥವಾ ಪಾಲಿಯೆಸ್ಟರ್ ಹಾಕಿ.

ಬಚ್ಚಲು, ಅಡುಗೆಮನೆ, ಮಕ್ಕಳ ಕೋಣೆ

ಬಚ್ಚಲಿನ ಕಿಟಕಿಗೆ ಬಟ್ಟೆ ಬೇಡ. ಅಂಟಿಲ್ಲದ ಮಬ್ಬು ಫಿಲ್ಮ್ ಸಿಗುತ್ತದೆ. ಗಾಜಿಗೆ ಸೋಪು ನೀರು ಚಿಮುಕಿಸಿ ಒತ್ತಿದರೆ ಹಿಡಿಯುತ್ತದೆ, ಬಿಡುವಾಗ ಸುಲಿದರೆ ಗುರುತೂ ಉಳಿಯುವುದಿಲ್ಲ. ನುಣುಪಾದ ಗಾಜಿಗೆ ಮಾತ್ರ.

ಅಡುಗೆಮನೆಯಲ್ಲಿ ಒಲೆಯ ಹಿಂದಿನ ಕಿಟಕಿಗೆ ಪರದೆ ಹಾಕಲೇಬೇಡಿ. ದೇವರ ದೀಪದ ಪಕ್ಕದ ಕಿಟಕಿಗೂ ಇದೇ ಮಾತು. ಗಾಳಿಗೆ ಹಾರಿದ ಪರದೆಗೆ ಬೆಂಕಿ ತಗಲಲು ಕ್ಷಣ ಸಾಕು.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬ್ಲೈಂಡಿನ ಹಗ್ಗ ಜೀವಕ್ಕೆ ಅಪಾಯ. ಜೋಲುವ ಕುಣಿಕೆ ಮಗುವಿನ ಕುತ್ತಿಗೆಗೆ ಸುತ್ತಿಕೊಂಡು ಸಾವುಗಳಾಗಿವೆ. ಹಗ್ಗವನ್ನು ನೆಲದಿಂದ ಐದಡಿ ಮೇಲಕ್ಕೆ ಸುತ್ತಿ ಕಟ್ಟಿ. ಮಂಚ, ತೊಟ್ಟಿಲು ಆ ಕಿಟಕಿಯ ಹತ್ತಿರ ಇರದಿರಲಿ.

ಮನೆ ಬಿಡುವಾಗ

ಪರದೆಗಳನ್ನು ಕೊನೆಯ ದಿನ ಒಗೆಯಬೇಡಿ. ಹಸಿಯಾಗಿ ಮಡಿಚಿದರೆ ಹೊಸ ಮನೆಗೆ ವಾಸನೆಯ ಸಮೇತ ಹೋಗುತ್ತವೆ. ಒಂದು ವಾರ ಮೊದಲೇ ಒಗೆದು, ಒಂದೊಂದರ ಮೇಲೂ ಅಳತೆಯ ಚೀಟಿ ಪಿನ್ ಮಾಡಿ. ಕೊಕ್ಕೆ, ಬಳೆ, ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿ. ತೂತುಗಳಿದ್ದರೆ ವಾಲ್ ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳು ಕಾಗದದಲ್ಲಿ ತಿಕ್ಕಿ ಫೋಟೋ ತೆಗೆದುಕೊಳ್ಳಿ. ರಾಡನ್ನು ಬಿಟ್ಟುಹೋಗುವುದಾದರೆ ಮಾಲೀಕರೊಡನೆ ಮೊದಲೇ ಮಾತಾಡಿ, ಅದರ ಬೆಲೆಯನ್ನು ಪೇಂಟಿಂಗ್ ಲೆಕ್ಕದಲ್ಲಿ ಕಳೆಯಲು ಕೇಳಿ.

ಮನೆ ಬಾಡಿಗೆಗೆ ಕೊಡುವವರಲ್ಲೂ ಒಂದು ವಿನಂತಿ. ಮನೆಗೆ ಬಣ್ಣ ಹೊಡೆಸುವಾಗಲೇ ಪ್ರತಿ ಕಿಟಕಿಗೂ ಒಂದು ಜೊತೆ ಬ್ರಾಕೆಟ್, ಒಂದು ಸ್ಟೀಲ್ ರಾಡ್ ಹಾಕಿಸಿಬಿಡಿ. ಪ್ರತಿ ಬಾಡಿಗೆದಾರರೂ ಹೊಸ ಜಾಗದಲ್ಲಿ ಗೋಡೆ ಕೊರೆಯುವುದು ಅಲ್ಲಿಗೆ ನಿಲ್ಲುತ್ತದೆ, ಬಂದವರ ಮನೆಯಲ್ಲಿ ಮೊದಲ ರಾತ್ರಿಯೇ ಪರದೆ ಇರುತ್ತದೆ.